ಹನ್ನೊಂದು ಅಂಕಿಗಳ ಹಾರವೂ ನಮ್ಮ ಚಪ್ಪಾಳೆಯೂ

ಈಚೆಗೆ ಗೋಗಿಯ ಸಮೀಪದ ಶಾಲೆಯೊಂದರ ಸಮಾರಂಭಕ್ಕೆ ಹೋಗಿದ್ದೆ. ಅತಿಥಿ ಮಹಾಶಯರೊಬ್ಬರು ಕರಿಹಲಗೆಯ ಮೇಲೆ 111111ನ್ನು ಅದರಿಂದಲೇ ಗುಣಿಸಿ 12345654321 ಎಂದು ಬರೆದು, ಇದು ದೈವಿಕ ಸಂಖ್ಯೆ, ಇದರ ರಹಸ್ಯ ವೇದಕಾಲದ ಋಷಿಗಳಿಗೆ ಮಾತ್ರ ತಿಳಿದಿತ್ತು ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಸಂಕಟವಾಯಿತು.

ಓದುಗ ಮಿತ್ರರೇ, ಇಲ್ಲಿ ರಹಸ್ಯವೆಂಬುದಿಲ್ಲ. 111111ನ್ನು ಒಂದರ ಕೆಳಗೊಂದರಂತೆ ಆರು ಸಾಲು, ಪ್ರತಿ ಸಲವೂ ಒಂದು ಸ್ಥಾನ ಎಡಕ್ಕೆ ಸರಿಸಿ ಬರೆದು ಕೂಡಿಸಿರಿ. ಬಲತುದಿಯಲ್ಲಿ ಒಂದೇ ಒಂದು, ನಡುವೆ ಆರು ಒಂದುಗಳು, ಎಡತುದಿಯಲ್ಲಿ ಮತ್ತೆ ಒಂದೇ. ಮುಂದಿನ ಸ್ಥಾನಕ್ಕೆ ಒಯ್ಯಬೇಕಾದ ದಶಕವೇ ಹುಟ್ಟುವುದಿಲ್ಲ. ಏಳನೆಯ ತರಗತಿಯ ಹುಡುಗನಿಗೂ ಇದು ತಿಳಿಯುತ್ತದೆ, ತಿಳಿಸುವವರಿದ್ದರೆ.

ಇನ್ನು ಋಷಿಗಳ ಮಾತು. ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಈ ಸಂಖ್ಯೆಯನ್ನು 9ನೆಯ ಶತಮಾನದ ಜೈನ ಗಣಿತಜ್ಞ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ 27994681 × 441 ಎಂಬ ಗುಣಾಕಾರದ ಲಬ್ಧವಾಗಿ ಕೊಟ್ಟಿದ್ದಾನೆ. ಇಂಥ ಲಬ್ಧಗಳನ್ನು ಆತ ಕೊರಳ ಹಾರಕ್ಕೆ ಹೋಲಿಸುತ್ತಾನೆ. ಅವನು ಹೊಗಳಿದ ಅರಸು ಅಮೋಘವರ್ಷ ನೃಪತುಂಗ. ಆ ಅರಸನ ರಾಜಧಾನಿ ಮಾನ್ಯಖೇಟ, ಎಂದರೆ ನಮ್ಮ ನೆರೆಯ ಜಿಲ್ಲೆಯ ಕಾಗಿಣಾ ದಂಡೆಯ ಮಳಖೇಡ! ಈ ಭಾಗದ ಮಕ್ಕಳ ತಲೆಗೆ ಗಣಿತ ಹತ್ತದು ಎಂದು ಗೊಣಗುವ ಅಧಿಕಾರಿಗಳು ಒಮ್ಮೆ ಆ ಕೋಟೆಯ ಮುಂದೆ ನಿಂತು ಬರಲಿ. ಮಹಾವೀರನು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದವನು. ಅವನ ಎಣಿಕೆಯಲ್ಲಿ ಈ ಹಾರದ ಮೊದಲ ಮಣಿ ನಿಲ್ಲುವುದು ಅರ್ಬುದದ ಸ್ಥಾನದಲ್ಲಿ.

ಬೆರಗು ಬೇಕೆಂದರೆ ಒಳಹೊಕ್ಕು ನೋಡಬೇಕು. 111111 ಎಂದರೆ 111 × 1001. ಮೊದಲನೆಯದು 3 × 37, ಎರಡನೆಯದು 7 × 11 × 13. ಆದ್ದರಿಂದ ನಮ್ಮ ಸಂಖ್ಯೆ ಈ ಐದು ಅವಿಭಾಜ್ಯಗಳ ವರ್ಗಗಳ ಗುಣಲಬ್ಧ; ಅದರ ಭಾಜಕಗಳು 243. ಆಚಾರ್ಯನ 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿಸಿದರೆ 13029870672, ಸಂಖ್ಯೆಗಿಂತಲೂ ಹೆಚ್ಚು! ಬೆಸ ಸಂಖ್ಯೆಗಳಲ್ಲಿ ಇದು ಅಪರೂಪದ ಗುಣ. ಇದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಅತಿಥಿಗಳನ್ನಷ್ಟೇ ದೂರಿ ನಾನು ಪಾರಾಗಲಾರೆ. ವರ್ಷಗಟ್ಟಲೆ ನಾನೂ ಇದನ್ನು ಜಾದೂವಿನಂತೆಯೇ ತೋರಿಸಿದವನು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸರ್, ಹತ್ತು ಒಂದು ಬರದ್ರೂ ಹಿಂಗ ಬರ್ತದೇನ್ರಿ?" ಎಂದು ಕೇಳಿದ್ದಳು. "ಅದು ಪರೀಕ್ಷೆಗಿಲ್ಲ, ಕೂಡು" ಎಂದೆ. ನನ್ನ ಸೇವೆಯಲ್ಲಿ ಕೇಳಿದ ಅತ್ಯುತ್ತಮ ಪ್ರಶ್ನೆಗೆ ನಾನಿತ್ತ ಉತ್ತರವದು. ಹತ್ತು ಒಂದುಗಳ ವರ್ಗ 1234567900987654321. ನಡುವಿನ ಸ್ಥಾನದಲ್ಲಿ ಹತ್ತು ಕೂಡಿ ದಶಕ ಹುಟ್ಟುತ್ತದೆ, ಹಾರ ಅಲ್ಲಿಯೇ ಹರಿಯುತ್ತದೆ.

ಅಂದು ವೇದಿಕೆಯಿಂದಿಳಿದ ಅತಿಥಿಗಳನ್ನು ಹತ್ತು ಒಂದುಗಳನ್ನೂ ಗುಣಿಸಿ ತೋರಿಸಬೇಕೆಂದು ವಿನಂತಿಸಿದೆ. ಊಟಕ್ಕೆ ತಡವಾಯಿತೆಂದರು.