ಪ್ರಾಜೆಕ್ಟ್ ಮಾಡಿಸಿ ಸ್ವಾಮಿ, ಆದ್ರೆ ಎಲ್ಲರ ಕೈಲೂ ಮಾಡಿಸಿ

ರಸಾಯನಶಾಸ್ತ್ರವನ್ನ ಮಕ್ಕಳಿಗೆ ಕೈಯಾರೆ ಮಾಡಿಸಿ ಕಲಿಸಬೇಕು, ವಿಷಯಗಳ ನಡುವಿನ ಗೋಡೆ ಒಡೀಬೇಕು ಅಂತ ಈಗ ಎಲ್ಲರೂ ಹೇಳ್ತಿದ್ದಾರೆ. ಒಳ್ಳೇದೇ. ಆದ್ರೆ ಪ್ರಾಜೆಕ್ಟ್ ಅಂದ್ರೆ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಜ್ವಾಲಾಮುಖಿ ಉಕ್ಕಿಸೋದು, ಅಷ್ಟೇನಾ?

ನಾನು ಕೇಳ್ತೀನಿ, ತೊಗಲು ಹದ ಮಾಡೋದು ಯಾಕೆ ಪ್ರಾಜೆಕ್ಟ್ ಆಗಲ್ಲ?

ಹಸಿ ತೊಗಲು ಹಾಗೇ ಬಿಟ್ಟರೆ ಕೊಳೆಯುತ್ತೆ. ಸುಣ್ಣದ ನೀರಲ್ಲಿ ನೆನೆಸಿದರೆ ಕೂದಲು ಸಡಿಲಾಗುತ್ತೆ. ಅದು ಕ್ಷಾರದ ಪಾಠ. ತಂಗಡಿ ಚಕ್ಕೆಯ ರಸದಲ್ಲಿಟ್ಟರೆ ಅದರ ಟ್ಯಾನಿನ್, ಚರ್ಮದ ಕೊಲಾಜೆನ್ ಅನ್ನೋ ಪ್ರೋಟೀನನ್ನ ಹಿಡಿದು ಬಿಗಿಯುತ್ತೆ. ಆಮೇಲೆ ತೊಗಲು ಸುಲಭಕ್ಕೆ ಕೊಳೆಯಲ್ಲ. ರಸಾಯನಶಾಸ್ತ್ರ, ಜೀವಶಾಸ್ತ್ರ ಎರಡೂ ಒಂದೇ ತೊಟ್ಟಿಯಲ್ಲಿವೆ. ಇಷ್ಟು ತಿಳಿದವರನ್ನ ಊರಾಚೆ ಯಾಕಿಟ್ಟರು ಅಂತ ಒಂದು ಮಗು ಕೇಳಿದರೆ ಸಮಾಜ ವಿಜ್ಞಾನಾನೂ ಬಂತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿ ಮಕ್ಕಳನ್ನ 10 ದಿನ ಬ್ಯಾಗಿಲ್ಲದೆ ಕಸುಬುದಾರರ ಹತ್ತಿರ ಕಳಿಸಿ ಅನ್ನುತ್ತೆ. ಉದಾಹರಣೆಗೆ ಬಡಗಿ, ತೋಟಗಾರ, ಕುಂಬಾರ, ಕಲಾವಿದ ಅಂತ ಬರೆದಿದೆ. ತೊಗಲು ಹದ ಮಾಡೋರ ಹೆಸರು ಆ ಸಾಲಲ್ಲಿಲ್ಲ.

"ಹಾಗಾದ್ರೆ ನಿಮ್ಮ ಮಕ್ಕಳ ಕೈಲೇ ಮಾಡಿಸೋಣ ಬಿಡಿ" ಅನ್ನೋರಿಗೆ ಈಗಲೇ ಹೇಳಿಬಿಡ್ತೀನಿ. ಈ ಆಟ ನಮಗೆ ಗೊತ್ತು. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿ ಶಾಲೆಯ ಹೊತ್ತನ್ನ ಇಳಿಸಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲೀಲಿ ಅಂದರು. ಜನ ಅದನ್ನ ಕುಲಕಸುಬಿನ ಶಿಕ್ಷಣ ಅಂತ ಕರೆದು ಬೀದಿಗಿಳಿದರು. 1954ರಲ್ಲಿ ಕಾಮರಾಜ್ ಬಂದ ಮೇಲೆ ಅದು ರದ್ದಾಯಿತು. ಅಪ್ಪನ ಕಸುಬನ್ನ ಮಗನ ತಲೆಗೆ ಕಟ್ಟೋದಕ್ಕೆ ಪ್ರಾಜೆಕ್ಟ್ ಅನ್ನಬೇಡಿ, ಜಾತಿ ಅನ್ನಿ.

ಕೈ ಕೊಳೆಯಾಗೋ ಕೆಲಸಕ್ಕೆ ನಮ್ಮ ಮಕ್ಕಳೇ ಯಾಕ್ರೀ ನೆನಪಾಗ್ತಾರೆ? 2023ರ ಡಿಸೆಂಬರಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ್ದರು. ಅಂಥ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತೆ. ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತೆ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಮೂಗೇ ಸೋತು ವಾಸನೆ ತಿಳಿಯಲ್ಲ, ಇಳಿದವನು ಕುಸಿದು ಬೀಳ್ತಾನೆ. ಯಾವ ವಿಜ್ಞಾನ ಮೇಳದಲ್ಲಿ ಈ ಪಾಠ ನೋಡಿದ್ದೀರಿ? ಯಾರನ್ನೂ ಗುಂಡಿಗಿಳಿಸದೆ ಇದನ್ನ ಕಲಿಸಬಹುದು. ಬೋರ್ಡಿನ ಒಂದು ಕಡೆ ಆ ಅನಿಲದ ಸೂತ್ರ ಬರೀರಿ, ಇನ್ನೊಂದು ಕಡೆ ಮಲ ಹೊರುವುದನ್ನ ನಿಷೇಧಿಸಿದ 2013ರ ಕಾಯ್ದೆ ಬರೀರಿ.

ನಮ್ಮ ಬೇಡಿಕೆ ಮೂರೇ. ಸರ್ಕಾರಿ ಶಾಲೆಗಳಿಗೆ ಬೀಗ ಹಾಕದ ಲ್ಯಾಬ್ ಕೊಡಿ. ಹದ ಬಲ್ಲ ಹಿರಿಯರನ್ನ ಗೌರವಧನ ಕೊಟ್ಟು ಕರೆಸಿ, ಮೇಷ್ಟ್ರ ಕುರ್ಚಿಯಲ್ಲಿ ಕೂರಿಸಿ. ಮೇಲ್ಜಾತಿ ಮಗೂನೂ ತೊಗಲು ಮುಟ್ಟಲಿ, ನಮ್ಮ ಮಗೂನೂ ಸಮೀಕರಣ ಬರೀಲಿ.

ಒಪ್ಪೋರು ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನ ಎತ್ತಿ. ಒಪ್ಪದೋರು ಕಾರಣ ಹೇಳಿ.

ಜೈ ಭೀಮ್.