ದೇಶದಲ್ಲಿ ಅತಿ ಹೆಚ್ಚು ಜನಕ್ಕೆ ಕೆಲಸ ಕೊಟ್ಟಿರೋರು ಯಾರು?



ಭಾರತದಲ್ಲಿ ಅತಿ ಹೆಚ್ಚು ಜನಕ್ಕೆ ಕೆಲಸ ಕೊಟ್ಟಿರೋರು ಯಾರು ಅಂತ ಒಂದು ಪಟ್ಟಿ ಮೊಬೈಲಲ್ಲಿ ಆಗಾಗ ಓಡಾಡ್ತಾ ಇರುತ್ತೆ. ಮೊದಲನೇದು ರಕ್ಷಣಾ ಇಲಾಖೆ. ಸೈನಿಕರು, ಮೀಸಲು ಪಡೆ, ಸಿವಿಲ್ ನೌಕರರು ಎಲ್ಲಾ ಸೇರಿ 2022ರ ಲೆಕ್ಕದಲ್ಲಿ ಸುಮಾರು 29 ಲಕ್ಷ. ಇಡೀ ಪ್ರಪಂಚಕ್ಕೇ ಅದೇ ಮೊದಲು ಅಂದ್ರು. ಆಮೇಲೆ ರೈಲ್ವೆ, ಸುಮಾರು 12 ಲಕ್ಷ. ಖಾಸಗಿಯಲ್ಲಿ ಟಿಸಿಎಸ್ ಕಂಪನಿ, ಸುಮಾರು 6 ಲಕ್ಷ. ಅಂಚೆ ಇಲಾಖೆಯಲ್ಲಿ ಗ್ರಾಮೀಣ ಡಾಕ್ ಸೇವಕರೂ ಸೇರಿ 4 ಲಕ್ಷದ ಮೇಲೆ.

ಈ ನಾಲ್ಕೂ ಕೂಡಿಸಿದ್ರೆ ಅರ್ಧ ಕೋಟಿ. ಈಗ ನಮ್ಮ ಕಡೆ ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ಸಾಗುವಳಿದಾರರು 11.88 ಕೋಟಿ, ಕೃಷಿ ಕೂಲಿಯವರು 14.43 ಕೋಟಿ. ಎರಡೂ ಸೇರಿ 26 ಕೋಟಿ ದಾಟುತ್ತೆ. ವರ್ಷ ಬೇರೆ ಬೇರೆ ಇರಬಹುದು, ಆದ್ರೂ ಹತ್ತಿರ ಹತ್ತಿರ ಐವತ್ತು ಪಟ್ಟು. ಕೇಂದ್ರ ಸರ್ಕಾರದ 2023-24ರ ಸಮೀಕ್ಷೆಯೂ ದೇಶದಲ್ಲಿ ದುಡಿಯೋ 100 ಜನರಲ್ಲಿ 46 ಜನ ಕೃಷಿಯಲ್ಲೇ ಇದ್ದಾರೆ ಅಂತ ಹೇಳುತ್ತೆ. ಹಳ್ಳಿಯ ಹೆಣ್ಣುಮಕ್ಕಳಲ್ಲಿ ಆದ್ರೆ 100ಕ್ಕೆ 77.

ಆದ್ರೆ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಯಾಕಂದ್ರೆ ಸಂಬಳದ ಚೀಟಿ ಇರೋರನ್ನ ಮಾತ್ರ ಅದು ಎಣಿಸುತ್ತೆ. ನಾವು ಒಂದು ಕಂಪನಿ ಅಲ್ಲ. 2015-16ರ ಕೃಷಿ ಗಣತಿ ಪ್ರಕಾರ ದೇಶದಲ್ಲಿ 14 ಕೋಟಿಗೂ ಹೆಚ್ಚು ಹಿಡುವಳಿ, ಸರಾಸರಿ ಎರಡೂವರೆ ಎಕರೆಯ ಆಸುಪಾಸು. ಒಬ್ಬೊಬ್ಬರು ಕಳೆಗೆ ನಾಲ್ಕು ಆಳು, ಕಾಯಿ ಕೀಳೋಕೆ ಇಬ್ಬರು, ಕೊಯ್ಲಿಗೆ ಎಂಟು ಆಳು ಕರೀತೀವಿ. ಯಾವ ಪುಸ್ತಕದಲ್ಲೂ ಅದು ಬರೆಯಲ್ಲ.

ಪಟ್ಟಿಯಲ್ಲಿ ಇಲ್ಲ ಅಂತ ಬೇಜಾರು ಮಾಡ್ಕೊಳ್ಳೋ ಮಾತಲ್ಲ ಇದು. ಲೆಕ್ಕಕ್ಕೆ ಬರದೇ ಇರೋರಿಗೆ ಹಕ್ಕೂ ಬರಲ್ಲ, ಅದು ನನ್ನ ಮಾತು. ರೈಲ್ವೆ ನೌಕರನಿಗೆ ಪೆಟ್ಟಾದ್ರೆ ರೈಲ್ವೆ ಆಸ್ಪತ್ರೆ ಇದೆ. ಹತ್ತು ಜನ ಇರೋ ಫ್ಯಾಕ್ಟರಿಗೆ ಇಎಸ್‌ಐ, ಇಪ್ಪತ್ತು ಜನ ಇದ್ರೆ ಪಿಎಫ್. ನಮ್ಮ ತೋಟದ ತೆಂಗಿನ ಮರದಿಂದ ಬಿದ್ದವನಿಗೆ ಏನಿದೆ? ನಾವು ಕೈಯಲ್ಲಿ ಇದ್ದಷ್ಟು ಕೊಡ್ತೀವಿ, ಊರವರು ಒಂದಿಷ್ಟು ಸೇರಿಸ್ತಾರೆ, ಅಲ್ಲಿಗೆ ಮುಗೀತು.

ಇನ್ನು ಎಲ್ಲಿ ನಾಲ್ಕು ಜನ ಸೇರಿದ್ರೂ ಒಂದೇ ಮಾತು: "ಆಳು ಸಿಗ್ತಿಲ್ಲ. ಪುಕ್ಕಟೆ ಅಕ್ಕಿ ಕೊಟ್ಟು ಜನಾನ ಸೋಮಾರಿ ಮಾಡಿದ್ರು." ನಾನು ಇದನ್ನ ಒಪ್ಪಲ್ಲ. 2018ರಲ್ಲಿ ರೈಲ್ವೆಯವರು ಸುಮಾರು 90 ಸಾವಿರ ಕೆಲಸಕ್ಕೆ ಅರ್ಜಿ ಕರೆದ್ರು. 2 ಕೋಟಿಗೂ ಹೆಚ್ಚು ಅರ್ಜಿ ಬಂದ್ವು. ಅದರಲ್ಲಿ ಗ್ರೂಪ್ ಡಿ ಕೆಲಸಾನೇ ಜಾಸ್ತಿ. ಹಳಿ ನೋಡ್ಕೊಳ್ಳೋ ಕೆಲಸ ಅಂದ್ರೆ ಏನು? ಬಿಸಿಲಲ್ಲಿ ಜಲ್ಲಿ ಮೇಲೆ ನಿಂತು ಸುತ್ತಿಗೆ ಹೊಡೆಯೋದು. ಅದಕ್ಕೆ ಹುಡುಗರು ಮುಗಿಬೀಳ್ತಾರೆ ಅಂದ್ರೆ ಮೈ ಬಗ್ಗಿಸೋಕೆ ಬೇಜಾರಿಲ್ಲ ಅಂತಾಯ್ತು. ತಿಂಗಳಿಗೆ ಸಂಬಳ, ರಜ, ಪೆಟ್ಟಾದ್ರೆ ನೋಡೋರು, ಹೆಣ್ಣು ಕೇಳೋಕೆ ಹೋದಾಗ ಹೇಳೋಕೆ ಒಂದು ಕೆಲಸ. ಇದು ನಮ್ಮ ಹೊಲದಲ್ಲಿ ಇಲ್ಲ.

ಹಾಗಂತ ರೈಲ್ವೆ ಎಲ್ಲರನ್ನೂ ಎತ್ಕೊಂಡು ಹೋಗುತ್ತೆ ಅನ್ನೋ ಆಸೆಯೂ ಬೇಡ. 1990-91ರಲ್ಲಿ ಅಲ್ಲಿ 16 ಲಕ್ಷಕ್ಕೂ ಹೆಚ್ಚು ಜನ ಇದ್ರು, ಈಗ 12 ಲಕ್ಷ. ದೊಡ್ಡವರು ಕೈಬಿಟ್ಟಾಗ ಜನ ಎಲ್ಲಿಗೆ ಬರ್ತಾರೆ ಅಂತ 2020ರ ಲಾಕ್‌ಡೌನಲ್ಲಿ ನೋಡಿದ್ದೀವಿ. ಬೆಂಗಳೂರಿಂದ ಗಂಟುಮೂಟೆ ಕಟ್ಕೊಂಡು ಊರಿಗೇ ಬಂದ್ರು. 2018-19ರಲ್ಲಿ 100ಕ್ಕೆ 42 ಇದ್ದ ಕೃಷಿಯ ಪಾಲು 2020-21ರಲ್ಲಿ 46 ದಾಟಿತು. ಇದ್ದ ಒಂದು ತಟ್ಟೆ ಊಟಾನೇ ಇಬ್ಬರು ಹಂಚ್ಕೊಂಡ್ರು ಅಂತ ಇದರ ಅರ್ಥ, ಹೊಲದಲ್ಲಿ ಹೊಸ ಕೆಲಸ ಹುಟ್ಟಿತು ಅಂತಲ್ಲ.

ಸರ್ಕಾರದಿಂದ ನಾವು ಕೇಳಬೇಕಾದ್ದು ಇದೆ. ಪಿಎಂ ಕಿಸಾನ್, ಬೆಳೆ ಪರಿಹಾರ ಎಲ್ಲಾ ಬರೋದು ಪಹಣಿ ನೋಡಿ. ಬೆಳೆ ಹೋದ ವರ್ಷ ಕೂಲಿಯವರಿಗೂ ಕೆಲಸ ಹೋಗಿರುತ್ತೆ, ಅವರಿಗೆ ಬೆಳೆ ಪರಿಹಾರ ಇಲ್ಲ. ಬೆಳಗ್ಗೆ ಕೊಟ್ಟಿಗೆಯಿಂದ ಹಿಡಿದು ರಾತ್ರಿವರೆಗೆ ದುಡಿಯೋ ನಮ್ಮ ಮನೆ ಹೆಣ್ಣುಮಕ್ಕಳು ಕಾಗದದಲ್ಲಿ ರೈತರೇ ಅಲ್ಲ. ಬೆಲೆ ಸರಿಯಾಗಿ ಸಿಕ್ಕಿದ್ರೆ ತಾನೇ ನಾವೂ ಸರಿಯಾಗಿ ಕೂಲಿ ಕೊಡೋದು? ಇದನ್ನ ಬಿಡಬಾರದು.

ಆದ್ರೆ ಸರ್ಕಾರ ಮಾಡೋವರೆಗೂ ಕಾಯಬೇಕಿಲ್ಲದ ಕೆಲಸವೂ ಇವೆ.

1. ಒಂದು ನೋಟ್‌ಬುಕ್ ಇಡಿ. ಯಾವ ದಿನ, ಯಾರು ಬಂದ್ರು, ಎಷ್ಟು ಕೊಟ್ರಿ, ಅಷ್ಟೇ. ಮನೆಯವರ ದುಡಿಮೆಯನ್ನೂ ಬರೀರಿ. ಖರ್ಚು ಎಷ್ಟು ಅಂತ ಯಾರಾದ್ರೂ ಕೇಳಿದಾಗ ಬಾಯಿಮಾತಲ್ಲಿ ಹೇಳೋದು ತಪ್ಪುತ್ತೆ.

2. ಕಾಯಂ ಬರೋ ಆಳುಗಳಿಗೆ ಬ್ಯಾಂಕಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಜೀವ ಹೋದ್ರೆ 2 ಲಕ್ಷ. ಹತ್ತು ಜನಕ್ಕೆ ಕಟ್ಟಿದ್ರೂ 200 ರೂಪಾಯಿ, ಒಂದಾಳಿನ ಒಂದು ದಿನದ ಕೂಲಿಯೂ ಆಗಲ್ಲ. ಮರ ಹತ್ತೋರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಬೇರೆ ಇದೆ. 2021ರಲ್ಲಿ ಶುರುವಾದ ಇ-ಶ್ರಮ್ ಕಾರ್ಡನ್ನೂ ಮಾಡಿಸೋಕೆ ಹೇಳಿ.

3. ಗಂಡಾಳು ಹೆಣ್ಣಾಳು ಒಂದೇ ಕೆಲಸ ಮಾಡಿದಾಗ ಒಂದೇ ಕೂಲಿ ಕೊಡಿ. ಕಾನೂನು ಬಂದಿದ್ದು 1976ರಲ್ಲಿ. ಸಾಲು ಹಿಡಿದು ಕಳೆ ಕೀಳುವಾಗ ಹೆಣ್ಣುಮಕ್ಕಳೇ ಮುಂದೆ ಇರ್ತಾರೆ, ಸಂಜೆ ದುಡ್ಡು ಎಣಿಸುವಾಗ ಮಾತ್ರ ಹಿಂದೆ. ಇದು ನ್ಯಾಯ ಅಲ್ಲ.

"ನಮಗೇ ಗತಿಯಿಲ್ಲ, ಆಳಿಗೆ ಏನು ಮಾಡೋಣ" ಅಂತ ಕೆಲವರು ಅಂತೀರಿ. ಮಾತು ಸುಳ್ಳಲ್ಲ. ಆದ್ರೆ ಈ ಮೂರರಲ್ಲಿ ಹೆಚ್ಚು ದುಡ್ಡು ಕೇಳೋದು ಮೂರನೇದು ಮಾತ್ರ. ದೇಶದ ಅರ್ಧ ದುಡಿಮೆ ನಮ್ಮ ಹೊಲಗಳಲ್ಲಿ ನಡೀತಿರುವಾಗ ಕೆಲಸ ಕೊಡೋರ ಜವಾಬ್ದಾರಿ ನಮಗಿಲ್ಲ ಅನ್ನೋಕಾಗಲ್ಲ.

ನಿಮ್ಮ ಕಡೆ ಈ ಸಲ ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು ನಡೀತಿದೆ? ಊರಿನ ಹೆಸರು ಸಮೇತ ಕೆಳಗೆ ಬರೀರಿ. ಒಂದು ಕಡೆ ಲೆಕ್ಕ ಸಿಕ್ಕಂಗಾಗುತ್ತೆ.