ಹೈಸ್ಕೂಲಿನ ಬೀಜಗಣಿತಕ್ಕೆ ಹೆದರಬೇಕಾ?



ಮುಂದಿನ ಜೂನ್‌ಗೆ ಏಳನೇ ತರಗತಿಯವರೆಲ್ಲ ಹೈಸ್ಕೂಲಿಗೆ ಹೋಗಬೇಕು. ಈಗಿನಿಂದಲೇ ಹೈಸ್ಕೂಲಿನ ಅಣ್ಣಂದಿರು ಬಸ್‌ಸ್ಟಾಪಿನಲ್ಲಿ ನಿಂತು ನಮ್ಮನ್ನು ಹೆದರಿಸುತ್ತಾರೆ. "ಬೀಜಗಣಿತ ಬರುತ್ತೆ ನೋಡ್ರೋ, ಅಂಕಿನೇ ಇರಲ್ಲ, ಬರೀ ಎಕ್ಸು ವೈಯಿ" ಅಂತಾರೆ. ತಮಾಷೆ ಎಂದು ಸುಮ್ಮನಿರಬಹುದಿತ್ತು. ಆದರೆ ನಮ್ಮೂರಿನ ಒಂದು ಮನೆಯಲ್ಲಿ (ಹೆಸರು ಬರೆಯುವುದಿಲ್ಲ) "ಲೆಕ್ಕ ತಲೆಗೆ ಹತ್ತಲ್ಲ, ಫೇಲಾಗೋಕೆ ಅಷ್ಟು ದೂರ ಯಾಕೆ ಹೋಗ್ಬೇಕು, ಏಳಕ್ಕೇ ಬಿಡಿಸಿದರಾಯ್ತು" ಎಂದು ಮಗಳ ಬಗ್ಗೆ ಮಾತು ನಡೆದಿದೆ. ಆದ್ದರಿಂದ ಇದು ತಮಾಷೆಯ ವಿಷಯವಲ್ಲ ಎಂಬುದು ನನ್ನ ಅಭಿಪ್ರಾಯ. ಹೆದರಿಸುವವರು ಪುಸ್ತಕದ ಒಳಗೆ ಏನಿದೆ ಅಂತಲೂ ಹೇಳಬೇಕು. ಅವರು ಹೇಳಲಿಲ್ಲ. ನಾನೇ ದಸರಾ ರಜದಲ್ಲಿ ನಮ್ಮ ಅಕ್ಕನ ಎಂಟು, ಒಂಬತ್ತು, ಹತ್ತನೇ ತರಗತಿಯ ಗಣಿತ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ನೋಡಿದೆ. ತಿಳಿಯದ ಕಡೆ ಅಕ್ಕನನ್ನೂ ಮೇಷ್ಟ್ರನ್ನೂ ಕೇಳಿದೆ.

ಮೊದಲು ಆ ಹುಡುಗಿಯ ವಿಷಯ. ಅವಳ ಮನೆಯ ಡೈರಿ ಲೆಕ್ಕ ನೋಡುವವಳು ಅವಳೇ. ಹೋದ ಸಲ ಹದಿನೈದು ದಿನಕ್ಕೆ 75 ಲೀಟರ್ ಹಾಲು ಹಾಕಿದ್ದರು. ಫೀಡಿನ 300 ರೂಪಾಯಿ ಹಿಡಿದುಕೊಂಡು ಖಾತೆಗೆ 2,400 ರೂಪಾಯಿ ಬಂತು. ಲೀಟರಿಗೆ ಎಷ್ಟು ಬಿತ್ತು ಎಂದು ಅವರಪ್ಪ ಕೇಳಿದರು. ಇವಳು ಹಿಡಿದ 300 ವಾಪಸ್ ಸೇರಿಸಿ 2,700 ಮಾಡಿ, 75ರಿಂದ ಭಾಗಿಸಿ, 36 ರೂಪಾಯಿ ಎಂದಳು. ಪೆನ್ನು ಕೂಡ ಹಿಡಿಯಲಿಲ್ಲ. ಇದೇ ಲೆಕ್ಕವನ್ನು ಪುಸ್ತಕದಲ್ಲಿ "75 ಎಕ್ಸ್ ಮೈನಸ್ 300 ಸಮ 2,400" ಎಂದು ಬರೆಯುತ್ತಾರೆ, ಅಷ್ಟೇ. ಆ ಕಡೆಯ ಮೈನಸ್ ಈ ಕಡೆ ಬಂದರೆ ಪ್ಲಸ್ ಆಗುತ್ತದೆ ಎಂದು ಬಾಯಿಪಾಠ ಮಾಡುತ್ತೇವಲ್ಲ, ಅದು ಈ 300 ವಾಪಸ್ ಸೇರಿಸಿದ್ದು. ಇಂಥವಳಿಗೆ ಲೆಕ್ಕ ಬರಲ್ಲ ಅಂದವರು ಯಾರು?

ಸರಳ ಸಮೀಕರಣ ನಮ್ಮ ಏಳನೇ ತರಗತಿಯಲ್ಲೇ ಶುರುವಾಗಿದೆ. ಎಂಟರಲ್ಲಿ ಎಕ್ಸ್ ಸಮ ಚಿಹ್ನೆಯ ಎರಡೂ ಕಡೆ ಬಂದು ಕೂರುತ್ತದೆ. ಜೊತೆಗೆ "ಎ ಪ್ಲಸ್ ಬಿ ಹೋಲ್ ಸ್ಕ್ವೇರ್" ಬರುತ್ತದೆ. ಇದನ್ನು ಎಲ್ಲರೂ ಮಂತ್ರದ ಹಾಗೆ ಹೇಳುತ್ತಾರೆ. ಒಂದು ಚೌಕ ಅಂಗಳ ನೆನೆಸಿಕೊಳ್ಳಿ, 10 ಅಡಿ ಉದ್ದ, 10 ಅಡಿ ಅಗಲ. ಉದ್ದಕ್ಕೂ ಅಗಲಕ್ಕೂ 2 ಅಡಿ ಹೆಚ್ಚಿಸಿದರೆ ಹಳೇ ಅಂಗಳ 100, ಮೂಲೆಯಲ್ಲಿ ಸಣ್ಣ ಚೌಕ 4. ಅಷ್ಟೇ ಅಲ್ಲ, ಪಕ್ಕದಲ್ಲಿ ಎರಡು ಉದ್ದನೆಯ ಪಟ್ಟಿಗಳಿವೆ, 20 ಮತ್ತು 20. ಒಟ್ಟು 144 ಚದರ ಅಡಿ. ಆ ಎರಡು ಪಟ್ಟಿಗಳೇ "2 ಎಬಿ". ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನೋಡಿದರೆ ಮರೆಯುವುದೇ ಇಲ್ಲ.

ಒಂಬತ್ತು, ಹತ್ತರಲ್ಲಿ ಎಕ್ಸ್ ಜೊತೆ ವೈ ಬರುತ್ತದೆ. ಇದು ಎಲ್ಲಿಂದಲೋ ಹೊಸದಾಗಿ ಬಂದದ್ದಲ್ಲ. ನಮ್ಮ ಕನ್ನಡ ನಾಡಿನಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲಕ್ಕೆ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಎಂಬ ಗಣಿತಜ್ಞ "ಗಣಿತಸಾರಸಂಗ್ರಹ" ಬರೆದ. ಅದರಲ್ಲಿರುವ ಒಂದು ಲೆಕ್ಕವನ್ನು ಮೇಷ್ಟ್ರು ಹೇಳಿದರು. 9 ಮಾದಲ ಹಣ್ಣು, 7 ಬೇಲದ ಹಣ್ಣಿಗೆ ಬೆಲೆ 107. 7 ಮಾದಲ, 9 ಬೇಲಕ್ಕೆ ಬೆಲೆ 101. ಒಂದೊಂದಕ್ಕೆ ಎಷ್ಟು? ನಾನು ಎರಡನ್ನೂ ಕೂಡಿಸಿದೆ. 16 ಮಾದಲ, 16 ಬೇಲಕ್ಕೆ 208 ಆಯಿತು. ಅಂದರೆ ಒಂದು ಜೊತೆಗೆ 13. ಒಂದರಿಂದ ಇನ್ನೊಂದನ್ನು ಕಳೆದರೆ, ಮಾದಲ ಬೇಲಕ್ಕಿಂತ 3 ಹೆಚ್ಚು ಎಂದು ತಿಳಿಯುತ್ತದೆ. ಮಾದಲಕ್ಕೆ 8, ಬೇಲಕ್ಕೆ 5. ಹತ್ತನೇ ತರಗತಿ ಪುಸ್ತಕದಲ್ಲಿ ಇಂಥವೇ ಲೆಕ್ಕಗಳಿವೆ, ಹಣ್ಣು ಮಾತ್ರ ಬೇರೆ.

ಹತ್ತರಲ್ಲಿ ವರ್ಗ ಸಮೀಕರಣವೂ ಇದೆ. ಅದರಲ್ಲಿ ಒಂದೇ ಲೆಕ್ಕಕ್ಕೆ ಎರಡು ಉತ್ತರ ಬರುತ್ತದೆ. ಉದ್ದ ಅಗಲಕ್ಕಿಂತ 5 ಮೀಟರ್ ಹೆಚ್ಚಿರುವ ಸೈಟು, ವಿಸ್ತೀರ್ಣ 84 ಚದರ ಮೀಟರ್. ಅಗಲ 7 ಅಂತಲೂ ಬರುತ್ತದೆ, ಮೈನಸ್ 12 ಅಂತಲೂ ಬರುತ್ತದೆ. ಮೈನಸ್ 12 ಮೀಟರ್ ಅಗಲದ ಸೈಟು ಎಲ್ಲಾದರೂ ಇದೆಯಾ? ಅದನ್ನು ಬಿಡಬೇಕು. ನನಗೆ ಇದು ಬಹಳ ಹಿಡಿಸಿತು.

ಹಾಗಾದರೆ ಕಷ್ಟವೇ ಇಲ್ವಾ ಅಂದರೆ, ಇದೆ. ಎಕ್ಸ್ ಕಷ್ಟವಲ್ಲ, ಮೈನಸ್ಸೂ ಭಿನ್ನರಾಶಿಯೂ ಕಷ್ಟ. ಅಕ್ಕನ ಹಳೇ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಬಿದ್ದದ್ದೆಲ್ಲ ಅಲ್ಲೇ. ಅವು ನಮ್ಮ ಶಾಲೆಯ ಪಾಠಗಳು, ಇಲ್ಲೇ ಗಟ್ಟಿ ಮಾಡಿಕೊಂಡು ಹೋಗಬೇಕು. 628ರಲ್ಲಿ ಬ್ರಹ್ಮಗುಪ್ತ ಎಂಬುವನು ಪ್ಲಸ್ ಸಂಖ್ಯೆಗೆ ಧನ, ಮೈನಸ್ ಸಂಖ್ಯೆಗೆ ಋಣ ಎಂದು ಹೇಳಿ ನಿಯಮ ಬರೆದಿದ್ದಾನೆ. ಋಣ ಅಂದರೆ ಸಾಲ. ಅಂಗಡಿಯಲ್ಲಿ 50 ರೂಪಾಯಿ ಸಾಲ ಇದೆ, ಅದರಲ್ಲಿ 20 ರೂಪಾಯಿ ಸಾಲವನ್ನು ಅಂಗಡಿಯವರು ಹೊಡೆದುಹಾಕಿದರು ಎನ್ನೋಣ. ಆಗ ಸಾಲ 30ಕ್ಕೆ ಇಳಿಯುತ್ತದೆ, ನಮಗೇ ಲಾಭ. ಸಾಲವನ್ನು ಕಳೆದರೆ ಕೂಡಿದ ಹಾಗೆ. ಮೈನಸ್ ಆಫ್ ಮೈನಸ್ ಪ್ಲಸ್ ಅನ್ನುವುದಕ್ಕೆ ಇಷ್ಟು ಅರ್ಥ ಇದೆ ಎಂದು ಮೊದಲೇ ಹೇಳಿದ್ದರೆ ಎಷ್ಟು ಜನ ಅಳುವುದು ತಪ್ಪುತ್ತಿತ್ತು!

ಇನ್ನೊಂದು ಕಷ್ಟ ವಾಕ್ಯದ ಲೆಕ್ಕ. "ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟು" ಎಂದು ಓದಿ, ಯಾವುದು ಎಕ್ಸ್, ಯಾವುದು 3 ಎಕ್ಸ್ ಎಂದು ಬರೆಯಬೇಕು. ಇಲ್ಲಿ ಗಣಿತಕ್ಕಿಂತ ಕನ್ನಡ ಸರಿಯಾಗಿ ಓದುವುದು ಮುಖ್ಯ. ಕಥೆ ಪುಸ್ತಕ ಓದುವವರು ಹೆದರಬೇಕಾಗಿಲ್ಲ.

ಹೈಸ್ಕೂಲಿನ ಅಕ್ಕ ಅಣ್ಣಂದಿರಲ್ಲಿ ಒಂದು ವಿನಂತಿ. ನಿಮ್ಮ ಹಳೇ ಗಣಿತ ಪುಸ್ತಕವನ್ನು ತೂಕಕ್ಕೆ ಹಾಕಬೇಡಿ, ನಮ್ಮ ಶಾಲೆಗೆ ಕೊಡಿ. ಮಗಳನ್ನು ಬಿಡಿಸುತ್ತೇವೆ ಎನ್ನುವ ಮನೆಯ ಹಿರಿಯರೇ, ಡೈರಿ ಪಾಸ್‌ಬುಕ್ಕನ್ನು ಒಂದು ಸಲ ಅವಳ ಕೈಗೆ ಕೊಟ್ಟು ನೋಡಿ, ಆಮೇಲೆ ಯೋಚಿಸಿ. ಎಂಟನೇ ತರಗತಿ ಪುಸ್ತಕ ನನ್ನ ಹತ್ತಿರ ಇದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬಾವುಟದ ಕಟ್ಟೆ ಹತ್ತಿರ ತಂದಿರುತ್ತೇನೆ. ನೋಡಬೇಕು ಅನ್ನುವವರು ಸ್ಲೇಟು, ಸೀಮೆಸುಣ್ಣ ಹಿಡಿದು ಬನ್ನಿ.